ಘೇಂಡಾಮೃಗ ಕದ್ದ ಬಾವಿ

ನಮ್ಮ ಕಾಕಾ ಹೇಳುವುದನ್ನು ನಂಬುವುದಾದರೆ, ಈ ಜಗತ್ತಿನ ಅತಿ ದೊಡ್ಡ ಕಳ್ಳರ ಗುಂಪು ರಾಣೆಬೆನ್ನೂರಿನ ನಮ್ಮ ಮನೆಯ ಟಿವಿಯೊಳಗೆ ಅಡಗಿದೆ. ಗುಂಪಿನ ಮುಖಂಡ ನೇರಳೆ ಬಣ್ಣದ ಒಂದು ಘೇಂಡಾಮೃಗ. ಅದರ ಬಲಗೈ ಬಂಟ ಕನ್ನಡಕ ಹಾಕಿದ ಒಂದು ಬಾತುಕೋಳಿ. ಕದ್ದ ಮಾಲು ಸಾಗಿಸುವ ಜವಾಬ್ದಾರಿ ಒಂದು ಬಸವನಹುಳುವಿನದು. ಬಸವನಹುಳುವಿನ ಬೆನ್ನಿಗೆ ಮಾಲು ಹೊರಿಸಿ ಪರಾರಿಯಾಗುವ ಕಳ್ಳರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅದಕ್ಕೇ ನನ್ನ ಕೈಗೆ ಸಿಕ್ಕಿಬಿದ್ದರು ಎನ್ನುತ್ತಾರೆ ಕಾಕಾ. ಇವರು ಕದಿಯುವುದು ಬಂಗಾರವನ್ನಲ್ಲ, ಬೆಳ್ಳಿಯನ್ನಲ್ಲ. ಬ್ಯಾಡಗಿಯ ಟಾಕೀಸಿನಲ್ಲಿ ಕಾಕಾ ತಮ್ಮ ಕೈಯಾರೆ ಓಡಿಸಿದ ಹಳೆಯ ಪಿಚ್ಚರುಗಳ ಸೀನುಗಳನ್ನು!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಆ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಟಾಕೀಸು ಮುಚ್ಚಿತು, ಪರದೆ ಬಿಚ್ಚಿದರು, ಕುರ್ಚಿ ಕಿತ್ತರು, ಈಗ ಅದು ಮೆಣಸಿನಕಾಯಿ ಚೀಲಗಳ ಗೋದಾಮು. ಬ್ಯಾಡಗಿಯಲ್ಲಿ ಖಾಲಿ ಬಿದ್ದ ಕಟ್ಟಡಕ್ಕೆ ಬೇರೆ ಗತಿಯಾದರೂ ಏನಿದೆ? ಹೋದ ವರ್ಷ ಕದರಮಂಡಲಗಿಯ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬರುವಾಗ ಅದರ ಮುಂದೆ ಕಾರು ನಿಲ್ಲಿಸಿದೆವು. ಇಳಿದದ್ದೇ ತಡ, ಘಾಟು ಬಡಿದು ನಾವೆಲ್ಲ ಸೀನಿ ಸೀನಿ ಕಣ್ಣೀರು ಒರೆಸಿಕೊಳ್ಳುತ್ತ ನಿಂತೆವು. ಕಾಕಾ ಮಾತ್ರ ಎದೆ ಉಬ್ಬಿಸಿ ಅಂದರು, "ನೋಡ್ರಿ, ಈ ಕಟ್ಟಡದ ಗುಣ ಹೋಗಿಲ್ಲ. ಆವಾಗೂ ಮಂದಿ ಇಲ್ಲಿಂದ ಅಳಕೋತನ ಹೊರಗ ಬರತಿದ್ರು."

ನನ್ನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಹೈಸ್ಕೂಲು ಓದಿಸಿದವರು ಕಾಕಾ ಮತ್ತು ಕಾಕಿ. ಈಗ ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯಿಂದ ಕಾಕಿಯ ಕಣ್ಣು ಹೋದವು. ದವಾಖಾನೆ ಹತ್ತಿರವಾಗಲಿ ಎಂದು ಇಬ್ಬರನ್ನೂ ಇಲ್ಲಿಗೇ ಕರೆತಂದೆ. ಹಾಗಾಗಿ ಮನೆಯಲ್ಲಿ ಈಗ ನಾವು ಐದು ಜನ: ಕಾಕಾ, ಕಾಕಿ, ನಾನು, ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿ ಮೇಲೆ ದುಡಿಯುವ ನನ್ನ ಗಂಡ, ಏಳು ವರ್ಷದ ಮಗಳು ಸಾನ್ವಿ. ಟಿವಿ ಒಂದೇ.

ಆ ಟಿವಿಯ ಮೇಲೆ ಕಾಕಾ ಕೇಳಿದ್ದು ಒಂದೇ ಹಕ್ಕು. ಸಂಜೆ ಐದೂವರೆಯಿಂದ ಆರೂವರೆ, ಒಂದು ತಾಸು. ಸುದ್ದಿ ಬೇಡ, ಧಾರಾವಾಹಿ ಬೇಡ, ಕ್ರಿಕೆಟ್ ಅಂತೂ ಬೇಡವೇ ಬೇಡ. ಕಾರ್ಟೂನು ಬೇಕು! ಆ ಒಂದು ತಾಸಿಗೆ ಯಾರಾದರೂ ಕೈ ಹಾಕಿದರೆ ನಮ್ಮ ಸಾಧು ಕಾಕಾ ಹುಲಿಯಾಗುತ್ತಾರೆ. ಒಮ್ಮೆ ಮಳೆಗೆ ಕೇಬಲ್ ಕಡಿದುಹೋದಾಗ ಛತ್ರಿ ಹಿಡಿದು ಕೇಬಲಿನವನ ಮನೆಗೆ ಹೋಗಿ, ಅವನು ಊಟ ಮುಗಿಸಿ ಏಳುವವರೆಗೂ ಎದುರಿಗೇ ಕೂತಿದ್ದರು. ಪಾಪ, ಅವನು ಅರ್ಧ ರೊಟ್ಟಿ ಬಿಟ್ಟು ಎದ್ದನಂತೆ.

"ಕಾಕಾ, ಹಳೇ ಪಿಚ್ಚರ್ ಬರೂ ಚಾನೆಲ್ಲೂ ಅದಾವು. ಅವನ್ನ ಹಾಕ್ಲೇನು?" ಎಂದು ನಾನು ಕೇಳಿದ್ದುಂಟು.

"ಬ್ಯಾಡವ್ವ. ಕೂಸು ಎದ್ದು ಹೋಗತೈತಿ. ಆಮ್ಯಾಲೆ ನಗೋರು ಯಾರು?"

ಎಪ್ಪತ್ತೈದು ದಾಟಿದ ಮನುಷ್ಯನಿಗೆ ಪಿಚ್ಚರು ನೋಡಲು ನಗುವ ಕೂಸು ಯಾಕೆ ಬೇಕು ಎಂದು ನಾನು ಆಗ ಯೋಚಿಸಲಿಲ್ಲ. ಕನ್ನಡ ಎಂ.ಎ. ಮಾಡಿದವರಿಗೆ ಇಂಥ ಸಣ್ಣ ಮಾತುಗಳು ತಲೆಗೆ ಹೋಗುವುದಿಲ್ಲ.

ಸರಿ, ಐದೂವರೆ ಆಯಿತು. ಮಂಚದ ಮೇಲೆ ಕಾಕಿ, ಮಡಿಲಲ್ಲಿ ಸುಲಿಯುವ ಬೆಳ್ಳುಳ್ಳಿ. ಪಕ್ಕದಲ್ಲಿ ಕಾಕಾ. ಕೆಳಗೆ ಚಾಪೆಯ ಮೇಲೆ ಸಾನ್ವಿ. ಟಿವಿಯಲ್ಲಿ ಘೇಂಡಾಮೃಗ ಬಾಳೆಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ, ಕಾಡಿನ ಮಂತ್ರಿಯ ಮೇಲೆ ಬಿದ್ದಿತು. ಸಾನ್ವಿ ಕಿಲಕಿಲ ನಕ್ಕಳು.

"ಕಳವು!" ಎಂದರು ಕಾಕಾ. "ಆರನೇ ರೀಲು. ಹೀರೋ ಜಾರಿ ಪ್ರಿನ್ಸಿಪಾಲನ ಮ್ಯಾಲೆ ಬೀಳತಾನ. ಹೀರೋ ಚೌಕಡಿ ಕೋಟು ಹಾಕ್ಯಾನ. ಹಿಂದ ನೀಲಿ ಗ್ವಾಡಿ. ಕಿಡಕ್ಯಾಗ ಮೂರು ಹುಡಿಗ್ಯಾರು ನಿಂತು ನಗಾಕತ್ತಾರ, ನಡುವಿನಾಕಿಗೆ ಎರಡು ಜಡಿ."

"ಯಾವ ಪಿಚ್ಚರ್ರಿ ಕಾಕಾ?"

"ಹೆಸರು ತಗೊಂಡು ಏನ ಮಾಡ್ತಿ? ಆರನೇ ರೀಲು ಅಂತ ಹೇಳಿದೆನಲ್ಲ."

ಇದು ಕಾಕಾನ ಪಾಂಡಿತ್ಯದ ರೀತಿ. ಅವರಿಗೆ ಒಂದು ಪಿಚ್ಚರಿನ ಹೆಸರೂ ನೆನಪಿಲ್ಲ. ರೀಲಿನ ನಂಬರು ಮಾತ್ರ ಮರೆತಿಲ್ಲ. ಹೆಸರು ಬೀದಿಯಲ್ಲಿ ಪೋಸ್ಟರ್ ನೋಡುವವರಿಗೆ, ರೀಲು ಒಳಗಿದ್ದವರಿಗೆ ಎಂಬುದು ಅವರ ವಾದ. ಮನೆಯ ವ್ಯವಹಾರವೂ ರೀಲಿನಲ್ಲೇ ನಡೆಯುತ್ತದೆ. ರೀಲೊಂದಕ್ಕೆ ಹತ್ತು ನಿಮಿಷ. "ಮೂರು ರೀಲಿನ್ಯಾಗ ಸಂತಿ ಮಾಡ್ಕೊಂಡು ಬರತೇನಿ" ಎಂದು ಹೊರಟರೆ ಅರ್ಧ ತಾಸಿಗೆ ಸರಿಯಾಗಿ ಗೇಟು ಸದ್ದಾಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಕಾಕಾನ ಆರೋಪದಲ್ಲಿ ಹುರುಳಿಲ್ಲದೆ ಇಲ್ಲ. ಕಾರ್ಟೂನು ಮಾಡುವವರು ಮಕ್ಕಳೇನೂ ಅಲ್ಲವಲ್ಲ. ತಾವು ನೋಡಿದ ಪಿಚ್ಚರು, ಓದಿದ ಕಥೆ ಎಲ್ಲವನ್ನೂ ಮಕ್ಕಳಿಗೆ ಗೊತ್ತಾಗದ ಹಾಗೆ ಒಳಗೆ ತುರುಕಿರುತ್ತಾರೆ. ಒಂದು ಸಂಜೆ ಆ ಬಾತುಕೋಳಿ ಬಿಳಿ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು, ಮಂಜಿನೊಳಗೆ ಹಾಡುತ್ತ ಹೊರಟಿತು. ಸೀರೆ ಕಾಲಿಗೆ ತೊಡರಿತೆಂದು ಸಾನ್ವಿ ನಕ್ಕಳು. ನಮ್ಮ ಯಾವ ದೆವ್ವದ ಪಿಚ್ಚರಿನಲ್ಲಿ ಆ ಬಿಳಿ ಸೀರೆ ಇಲ್ಲ ಎಂದು ನಾನೂ ನಕ್ಕೆ. ಕಾಕಾ ನಗಲಿಲ್ಲ. "ಎರಡನೇ ರೀಲು" ಎಂದು ದಾಖಲಿಸಿದರು.

ಇನ್ನೊಂದು ವಿಚಿತ್ರವಿದೆ. ಟಾಕೀಸಿನಲ್ಲಿ ಒಂದು ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯ ಮೇಲ್ತುದಿಯಲ್ಲಿ ಕರಿ ಚುಕ್ಕೆಯೊಂದು ಮಿಂಚಿ ಹೋಗುತ್ತಿತ್ತು. ಅದು ಆಪರೇಟರಿಗೆ ಸೂಚನೆ, ತಕ್ಷಣ ಎರಡನೇ ಮಶೀನು ಚಾಲೂ ಮಾಡಬೇಕು. ಗಳಿಗೆ ತಡವಾದರೆ ಪರದೆ ಬಿಳಿಚಿ, ಜನ ಸಿಳ್ಳೆ ಹೊಡೆದು, ಆಪರೇಟರನ ವಂಶವನ್ನೆಲ್ಲ ನೆನೆಯುತ್ತಿದ್ದರು. ಮೂವತ್ತು ವರ್ಷ ಆ ಚುಕ್ಕೆಯನ್ನು ಕಾಯ್ದ ಮನುಷ್ಯ ಈಗ ಟಿವಿಯ ಬಲಮೂಲೆಯಲ್ಲಿ ಏನು ಕಂಡರೂ ಎದ್ದು ನಿಲ್ಲುತ್ತಾರೆ. ಒಂದು ದಿನ ನೊಣ ಬಂದು ಅಲ್ಲಿ ಕೂತಿತು. ಕಾಕಾ ಎದ್ದರು. ನೊಣ ಹಾರಿತು, ಕೂತರು. ನೊಣ ಮತ್ತೆ ಬಂತು, ಮತ್ತೆ ಎದ್ದರು. ಅವತ್ತು ಆ ನೊಣ ನಮ್ಮ ಕಾಕಾನಿಗೆ ಹತ್ತು ಸಲವಾದರೂ ಉಠಾಬಸ್ಕಿ ಹೊಡೆಸಿತು.

ಪಿಚ್ಚರು ಸಾಲದೆಂದು ಸಾಹಿತ್ಯವೂ ಇದೆ. ಪ್ರೊಜೆಕ್ಟರ್ ಇರುವ ಬೂತಿನೊಳಗೆ ಒಂದು ರೀಲು ಹಚ್ಚಿ, ಇನ್ನೊಂದು ಹಚ್ಚುವವರೆಗಿನ ಬಿಡುವಿನಲ್ಲಿ ಕಾಕಾ ಬಾಡಿಗೆ ಪುಸ್ತಕದಂಗಡಿಯ ಕಾದಂಬರಿಗಳನ್ನು ಓದುತ್ತಿದ್ದರು. ಕೈಯಲ್ಲಿ ಕಾದಂಬರಿ, ಕಿಂಡಿಯಾಚೆ ಪಿಚ್ಚರು. ನಲವತ್ತು ವರ್ಷದ ಮೇಲೆ ಈಗ ಎರಡೂ ಕಲಸಿಹೋಗಿ ಹದವಾದ ಚಿತ್ರಾನ್ನವಾಗಿವೆ. ಬಸವನಹುಳು ಬೇಲಿ ಹಾರಿದಾಗ ಕಾಕಾ, ಇದು ಒಂದು ಕಾದಂಬರಿಯಿಂದ ಕದ್ದದ್ದು, ಅದರಲ್ಲಿ ವಿಧವೆ ಸೊಸೆ ಕುದುರೆ ಹತ್ತಿ ಕೋಟೆಯ ಗೋಡೆ ಹಾರುತ್ತಾಳೆ ಎಂದರು. ಅವರು ಹೇಳಿದ ಕಾದಂಬರಿಯನ್ನು ನಾನೂ ಓದಿದ್ದೆ.

"ಕಾಕಾ, ಆ ಸೊಸಿ ಮುನ್ನೂರು ಪುಟದಾಗ ಅಡಗಿಮನಿ ಹೊಚ್ಚಲಾ ದಾಟಂಗಿಲ್ಲ."

"ದಾಟತಾಳವ್ವ. ನೀ ಬರೇ ಪುಸ್ತಕ ಓದೀದಿ, ಹಿಂಗಾಗಿ ನಿನಗ ಗೊತ್ತಿಲ್ಲ."

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ನಗಾಡಿದ್ದೇ ತಪ್ಪಾಯಿತು. ಹದಿನೈದು ದಿನಕ್ಕೆ ಹಾವೇರಿಯಿಂದ ಸಂಶೋಧನಾ ವಿದ್ಯಾರ್ಥಿಯೊಬ್ಬ ಚೀಲ ಹೆಗಲಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದ. ಅವನ ವಿಷಯ, 'ಮಕ್ಕಳ ವ್ಯಂಗ್ಯಚಲನಚಿತ್ರಗಳಲ್ಲಿ ಅಂತರ್‌ಪಠ್ಯೀಯ ನೆಲೆಗಳು: ಒಂದು ಅವಲೋಕನ'. ನಾಲ್ಕು ವರ್ಷದಿಂದ ಅವಲೋಕಿಸುತ್ತಿದ್ದನಂತೆ. ಹೆಸರು ಬಿಟ್ಟು ಬೇರೇನೂ ಇನ್ನೂ ಬರೆದಿರಲಿಲ್ಲ. ಕಾಕಾನನ್ನು ಕಂಡದ್ದೇ ಅವನಿಗೆ ಡಾಕ್ಟರೇಟು ಕೈಗೆ ಬಂದಷ್ಟು ಹಿಗ್ಗಾಯಿತು. ಮೂರು ದಿನ ಸಂಜೆ ಬಂದು ಕಾಕಾ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಂಡ, ನೋಟ್‌ಬುಕ್ಕಿನಲ್ಲಿ ಗೀಚಿಕೊಂಡ, ಆರಾರು ಮಿರ್ಚಿ ಭಜಿ ತಿಂದ. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರಿಗೆ ಭಿನ್ನಾಭಿಪ್ರಾಯ ಬಂತು.

"ಅಜ್ಜಾರ, ಇದಕ್ಕ ಕಳವು ಅನಬಾರದ್ರಿ. ನಮ್ಮ ಶಾಸ್ತ್ರದಾಗ ಇದಕ್ಕ ಗೌರವಾರ್ಪಣೆ ಅಂತಾರ."

"ಹೌದೇನು ತಮ್ಮಾ? ಹಂಗಾರ ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಯಾವನರ ನನ್ನ ಮೆಣಸಿನಕಾಯಿ ಚೀಲ ಹೊತಗೊಂಡು ಓಡಿದ್ರ, ನನಗ ಗೌರವ ಕೊಟ್ಟ ಅಂತ ತಿಳಕೋಬೇಕೇನು?"

ಅವನು ಅದನ್ನೂ ಬರೆದುಕೊಂಡ.

ಅವನು ಹೋದ ಮಾರನೆಯ ವಾರ ನಮ್ಮ ಮನೆಯಲ್ಲಿ ಯುದ್ಧವಾಯಿತು. ಅವತ್ತು ಟಿವಿಯಲ್ಲಿ ಅವನಿದ್ದಾಗ ನೋಡಿದ್ದ ಕಂತೇ ಮತ್ತೆ ಬಂದಿತ್ತು. ಘೇಂಡಾಮೃಗ ಐಸ್‌ಕ್ರೀಮ್ ಮಾಡುವ ಮಶೀನಿನೊಳಗೆ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಸಾನ್ವಿ ನಕ್ಕು ನಕ್ಕು ಚಾಪೆಯ ಮೇಲೆ ಉರುಳುತ್ತಿದ್ದಳು. ಕಾಕಾ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಇದು ನಾಕನೇ ರೀಲು. ಹೀರೋಯಿನ್ ಬಾವಿ ಕಟ್ಟಿ ಮ್ಯಾಲೆ ನಿಂತಾಳ. ಹಸರು ಸೀರಿ, ಕೆಂಪು ಅಂಚು. ನೀರು ಸೇದಾಕತ್ತಾಳ. ಹೀರೋ ಊರು ಬಿಟ್ಟು ಹೊಂಟಾನ. ಹಗ್ಗ ಆಕಿ ಕೈಯಿಂದ ಜಾರಿ..."

"ಅಲ್ಲಿ ಬಾವಿನ ಇಲ್ಲಜ್ಜಾ!" ಸಾನ್ವಿ ಎದ್ದು ಕೂತಳು. "ಘೇಂಡಾ ಐಸ್‌ಕ್ರೀಮ್ ಮಶೀನ್ಯಾಗ ಐತಿ."

"ಅದರ ಹಿಂದ ಬಾವಿ ಐತಿ ಕೂಸ. ನಿನಗ ಕಾಣಂಗಿಲ್ಲ."

"ಇಲ್ಲ! ನೀ ದಿನಾ ಸುಳ್ಳು ಹೇಳ್ತಿ. ನಿನ್ನ ಮಾತಿನ್ಯಾಗ ನನಗ ಘೇಂಡಾ ಏನಂತು ಅನ್ನೋದು ಕೇಳಂಗಿಲ್ಲ." ಅವಳು ಅಳಲು ಶುರು ಮಾಡಿದಳು. ಅಳು ಕೇಳಿ ರಾತ್ರಿ ಪಾಳಿಗೆಂದು ಮಲಗಿದ್ದ ನನ್ನ ಗಂಡ ಎದ್ದು ಬಂದರು. "ಫ್ಯಾಕ್ಟರಿ ಮಶೀನಿನ ಸಪ್ಪಳದಾಗ ಬೇಕಾರ ನನಗ ನಿದ್ದಿ ಬರತೈತಿ. ನಿಮ್ಮ ಕಾಕಾರ ರೀಲಿನ ಸಪ್ಪಳದಾಗ ಬರಂಗಿಲ್ಲ ನೋಡು" ಎಂದು ನನಗೆ ಹೇಳಿ ಒಳಗೆ ಹೋದರು.

ನಾನು ಎಲ್ಲ ಸಮಸ್ಯೆಗಳನ್ನೂ ಒಂದೇ ಏಟಿಗೆ ಬಗೆಹರಿಸುವ ಜಾತಿಯವಳು. ಮರುದಿನವೇ ಒಂದು ಟ್ಯಾಬ್ ತಂದೆ, ಜತೆಗೆ ಕಿವಿಗೆ ಹಾಕುವ ಇಯರ್‌ಫೋನು. ಸಾನ್ವಿ ಕೋಣೆಯ ಬಾಗಿಲು ಹಾಕಿಕೊಂಡು ತನ್ನ ಘೇಂಡಾಮೃಗವನ್ನು ತಾನೇ ನೋಡತೊಡಗಿದಳು. ಗಂಡನಿಗೆ ನಿದ್ದೆ, ಮಗಳಿಗೆ ಕಾರ್ಟೂನು, ನನಗೆ ಉತ್ತರಪತ್ರಿಕೆ ತಿದ್ದಲು ಶಾಂತಿ. ಎಲ್ಲರಿಗೂ ಎಲ್ಲವೂ ಸಿಕ್ಕಿತು, ಕಾಕಾನ ಆ ಒಂದು ತಾಸು ಮಾತ್ರ ಹೋಯಿತು. ಹೋದರೆ ಹೋಗಲಿ, ಹಳೆಯ ಪಿಚ್ಚರಿನ ಕಳ್ಳರನ್ನು ಹಿಡಿಯದಿದ್ದರೆ ದೇಶವೇನು ಮುಳುಗುತ್ತದೆಯೇ?

ಹುಲಿಯಾಗುತ್ತಾರೆ ಎಂದುಕೊಂಡಿದ್ದೆ, ಆಗಲಿಲ್ಲ. ಕೂಸಿನ ಅಳು ಅವರ ಬಾಯಿ ಕಟ್ಟಿತ್ತು. ಐದೂವರೆಗೆ ಬಂದು ಆರಿದ ಟಿವಿಯ ಮುಂದೆ ಮಂಚದ ಮೇಲೆ ಕೂರುವರು. ಪಕ್ಕದಲ್ಲಿ ಕಾಕಿ ಬೆಳ್ಳುಳ್ಳಿ ಸುಲಿಯುವಳು. ಮೊದಲೆಲ್ಲ ಒಂದು ತಾಸು ಹಿಡಿಯುತ್ತಿದ್ದ ಬೆಳ್ಳುಳ್ಳಿ ಈಗ ಎರಡು ರೀಲಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಟಿವಿ ಹಾಕಲೇ ಎಂದರೆ ಕೂಸಿಲ್ಲದೆ ಬೇಡ ಎನ್ನುವರು. ನಾಲ್ಕನೆಯ ದಿನ ಕಾಕಾ ನನ್ನ ಮೇಜಿನ ಹತ್ತಿರ ಬಂದು ಕೇಳಿದರು, "ಅವ್ವಾ, ಕೂಸಿನ ಕಿವ್ಯಾಗಿಂದು ಆ ವೈರು ತಗದ್ರ, ಆಕಿ ಇಲ್ಲೇ ಬಂದು ನೋಡಬಹುದಲ್ಲ? ನಾ ಮೆಲ್ಲಗ ಮಾತಾಡ್ತೇನಿ."

"ನೀವು ಮೆಲ್ಲಗ ಮಾತಾಡಂಗಿಲ್ಲ ಕಾಕಾ" ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ. ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಆ ಭಾನುವಾರ ಬೆಳಿಗ್ಗೆ ಸಂಶೋಧಕ ಮತ್ತೆ ಬಂದ. ಈ ಸಲ ಮುಖ ಬಾಡಿತ್ತು. ಅವನ ಮಾರ್ಗದರ್ಶಕರು ಪ್ರತಿಯೊಂದಕ್ಕೂ ಆಧಾರ ಕೇಳಿದ್ದರಂತೆ. ಅವನು ಆ ಕಾರ್ಟೂನುಗಳನ್ನೆಲ್ಲ ಹುಡುಕಿ ತೆಗೆದು, ಕಾಕಾ ಹೇಳಿದ್ದರ ಜತೆ ಒಂದೊಂದಾಗಿ ಹೋಲಿಸಿ ನೋಡಿದ್ದ. ಜಗಲಿಯ ಮೇಲೆ ಕಾಕಾನ ಎದುರು ಕೂತು ಮೊಬೈಲು ಮುಂದೆ ಹಿಡಿದ.

"ಅಜ್ಜಾರ, ಮೊದಮೊದಲಿನವು ಸರಿ ಅದಾವ್ರಿ. ಕೋಟು, ಬಾಳಿಸಿಪ್ಪಿ ಎಲ್ಲಾ ಒಪ್ಪಿದೆ. ಆದ್ರ ಉಳಿದದ್ದು ಭಾಳ ಸುಳ್ಳೈತ್ರಿ. ಇಲ್ಲಿ ನೋಡ್ರಿ, ನೀವು ರೈಲು ಅಂದೀರಿ. ರೈಲೂ ಇಲ್ಲ, ಸ್ಟೇಶನ್ನೂ ಇಲ್ಲ. ಇಲ್ಲಿ ಮದಿವಿ ಹಂದರ ಅಂದೀರಿ. ಬಸವನಹುಳ ಮಕ್ಕೊಂಡೈತಿ, ಅಷ್ಟ. ಇಲ್ಲಿ ಬಾವಿ ಅಂದೀರಿ, ಬಾವಿನ ಇಲ್ಲ."

ಚಹಾ ತಂದ ನಾನು ಬಾಗಿಲಲ್ಲೇ ನಿಂತೆ. ಕಾಕಾ ಒಳಗಡೆ ಒಮ್ಮೆ ತಿರುಗಿ ನೋಡಿ, ಜೀವಮಾನದಲ್ಲಿ ಮೊದಲ ಸಲ ಮೆಲುದನಿಯಲ್ಲಿ ಮಾತಾಡಿದರು.

"ಸಾವಕಾಶ ತಮ್ಮಾ. ಒಳಗ ಆಕಿ ಅದಾಳ." ಅವನ ಕಡೆಗೆ ಬಾಗಿ ಹೇಳಿದರು, "ಕೂಸು ನಗತೈತಿ. ಆಕಿ 'ಏನಾತ್ರಿ, ಕೂಸು ಯಾಕ ನಕ್ತು?' ಅಂತ ಕೇಳತಾಳ. ನಾ ಏನ ಹೇಳ್ಲಿ? ಘೇಂಡಾ ನೇರಳಿ ಬಣ್ಣದ್ದೈತಿ, ಚಡ್ಡಿ ಹಾಕ್ಕೊಂಡು ಐಸ್‌ಕ್ರೀಮ್ ಮಶೀನ್ಯಾಗ ಬಿದ್ದೈತಿ ಅಂತ ಹೇಳಿದೆ ಒಮ್ಮೆ. ಆಕಿಗೆ ಅದು ಕಣ್ಣ ಮುಂದ ಬರಲಿಲ್ಲ. ಆಕಿ ನೋಡಿದ್ದಲ್ಲ ಅದು. ಆದ್ರ ಬ್ಯಾಡಗಿಯಾಗ ನನ್ನ ಬುತ್ತಿ ತಂದು, ಖಾಲಿ ಡಬ್ಬಿ ಒಯ್ಯಾಕ ಕುಂತು, ಒಂದೊಂದು ಪಿಚ್ಚರ್ ನಾಕ್ನಾಕು ಸಲ ನೋಡ್ಯಾಳ. ಹಂಗಾಗಿ ನಾ ಆಕಿ ನೋಡಿದ್ದನ್ನ ಹೇಳ್ತೇನಿ. ಕೋಟಿನ ಬಣ್ಣ ಹೇಳಿದ್ರ ಸಾಕು, ಪೂರಾ ಸೀನ್ ಕಾಣತೈತಿ ಆಕಿಗೆ. ಮೊದಲು ಖರೇನ ಹೋಲಿಕಿ ಸಿಗತಿದ್ವು. ಆಮ್ಯಾಲೆ ಸಿಗದ ಇದ್ದಾಗ..."

ಸಂಶೋಧಕ ಮೊಬೈಲು ಜೇಬಿಗಿಟ್ಟ. ನೋಟ್‌ಬುಕ್ಕಿನ ಒಂದು ಹೊಸ ಹಾಳೆ ತೆರೆದು ಪೆನ್ನು ಹಿಡಿದುಕೊಂಡ.

"ಅಜ್ಜಾರ, ಆ ಬಾವಿ ಸೀನು ನಾಕನೇ ರೀಲೋ, ಐದನೇದೋ?"

"ನಾಕನೇದು" ಎಂದರು ಕಾಕಾ.

ಚಹಾದ ತಟ್ಟೆ ಅಲ್ಲೇ ಇಟ್ಟು ನಾನು ಅಡುಗೆಮನೆಗೆ ಓಡಿದೆ. ಕಾಕಿ ಗೋಡೆಗೆ ಒರಗಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಅವಳ ಪಕ್ಕ ಕೂತೆ. ಅವಳೇ ಕೇಳಿದಳು, "ಹೊರಗ ಆ ಹುಡುಗ ಬಾವಿ ಇಲ್ಲ ಅಂತ ಹೇಳಾಕ ಬಂದಾನೇನು?"

"ನಿನಗ ಕೇಳಿಸ್ತೇನ ಕಾಕಿ?"

"ಕೇಳಿಸೋದ್ಯಾಕ ಬೇಕು? ನನಗ ಮೊದಲಿಂದ ಗೊತ್ತೈತಿ. ಆ ಹೀರೋಯಿನ್ ಬಾವಿ ಕಟ್ಟಿ ಮ್ಯಾಲೆ ನಿಂತಾಗ ಪೂರಾ ಟಾಕೀಸು ಅಳತಿತ್ತು. ಇಲ್ಲಿ ನೋಡಿದ್ರ ಕೂಸು ನಕ್ಕೊಂತ ಉರುಳ್ಯಾಡತೈತಿ. ಅಳೂ ಸೀನಿಗೆ ಕೂಸು ಯಾಕ ನಗತೈತಿ ಹೇಳು?" ಕಾಕಿ ನಕ್ಕಳು. ಕೈ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮತ್ತ ಹೇಳಲೇ ಇಲ್ಲಲ್ಲ ನೀನು?"

"ಯಾಕ ಹೇಳ್ಲಿ? ಮೂವತ್ತು ವರ್ಷ ಅವರು ಮ್ಯಾಲೆ ಬೂತಿನ್ಯಾಗ, ನಾ ಕೆಳಗ ಬೆಂಚಿನ ಮ್ಯಾಲೆ. ಊರ ಮಂದಿಗೆಲ್ಲ ಪಿಚ್ಚರ್ ತೋರಿಸಿದ್ರು, ನನ್ನ ಬಾಜೂಕ ಕುಂತು ಒಂದೂ ನೋಡಲಿಲ್ಲ. ಈಗ ದಿನಾ ಬಾಜೂಕ ಕುಂದರತಾರ. ಬಾವಿ ಇರಲಿ, ಬಿಡಲಿ, ನನಗೇನು?"

ನನ್ನ ಕಣ್ಣು ತುಂಬಿದವು. ಮೆಣಸಿನಕಾಯಿ ಗೋದಾಮಿನ ಮುಂದೆಯೂ ನಾನು ಅಷ್ಟು ಅತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಸಾನ್ವಿಯನ್ನು ಕೂರಿಸಿಕೊಂಡು, ಅಜ್ಜ ಯಾಕೆ ಮಾತಾಡುತ್ತಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಇಯರ್‌ಫೋನು ಸುತ್ತಿ ನನ್ನ ಕೈಗೆ ಕೊಟ್ಟಳು. ಮಲಗುವ ಕೋಣೆಯ ಬಾಗಿಲಿಗೆ ಒಂದು ದಪ್ಪ ಪರದೆ ಹಾಕಿಸಿದ್ದು ನನ್ನ ಗಂಡನ ಕಾಣಿಕೆ.

ಸಂಜೆ ಐದೂವರೆಗೆ ಟಿವಿ ಹೊತ್ತಿತು. ಘೇಂಡಾಮೃಗ ಗಾಳಿಪಟಕ್ಕೆ ಸಿಕ್ಕಿಕೊಂಡು ಆಕಾಶಕ್ಕೆ ಹಾರಿತು. ಸಾನ್ವಿ ಜೋರಾಗಿ ನಕ್ಕಳು. ಕಾಕಾ ಸುಮ್ಮನಿದ್ದರು. ಸಾನ್ವಿಯೇ ಹಿಂದಕ್ಕೆ ತಿರುಗಿ, "ಅಜ್ಜಾ, ಇದು ಯಾವ ರೀಲು?" ಎಂದಳು.

ಕಾಕಾ ಗಂಟಲು ಸರಿಮಾಡಿಕೊಂಡರು. "ಒಂಬತ್ತನೇದು. ಹೀರೋಯಿನ್ ಗುಡ್ಡದ ಮ್ಯಾಲೆ ನಿಂತಾಳ. ಹಳದಿ ಸೀರಿ. ಗಾಳಿಗೆ ಸೆರಗು ಹಾರಾಕತ್ತೈತಿ..." ಕಾಕಿ ಬೆಳ್ಳುಳ್ಳಿ ಬಿಟ್ಟು ಮುಖ ಸ್ವಲ್ಪ ಮೇಲೆತ್ತಿ ಕೇಳುತ್ತಿದ್ದಳು. ಅಷ್ಟರಲ್ಲಿ ಎಲ್ಲಿಂದಲೋ ಒಂದು ನೊಣ ಬಂದು ಟಿವಿಯ ಬಲಮೂಲೆಯಲ್ಲಿ ಕೂತಿತು. ಮಂಚ ಕಿರ್ರೆಂದಿತು, ಕಾಕಾ ಏಳುತ್ತಿದ್ದರು. ಕಾಕಿ ಕೈ ಚಾಚಿ, ತಡವರಿಸದೆ ಅವರ ಅಂಗಿಯ ತುದಿ ಹಿಡಿದಳು.

"ಕುಂದರ್ರಿ," ಎಂದಳು. "ಇನ್ನ ರೀಲು ಮುಗದಿಲ್ಲ."